ಎದೆ ಡವಡವ ನಿಂತ ಮೇಲೆ

ಹೆಸರು, ಊರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ದೀಪಾಗೆ 26 ವರ್ಷ. ಮನೆ ದಾವಣಗೆರೆ ಕಡೆ, ಕೆಲಸ ಬೆಂಗಳೂರಿನಲ್ಲಿ. ತಾನೇ ಆರಿಸಿಕೊಂಡ ಹುಡುಗನ ಜೊತೆ ಮದುವೆಗೆ ಮನೆಯವರು ಅಂತೂ ಒಪ್ಪಿದ್ದಾರೆ. ಆದರೂ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದು ಕೂತವಳೇ ಕೇಳಿದಳು, "ಮೇಡಂ, ಈಗ ಅವನ ಮೆಸೇಜ್ ಬಂದ್ರೆ ಏನೂ ಅನ್ಸಲ್ಲ. ಪ್ರೀತಿ ಮುಗೀತಾ?"

ಪಿಯುಸಿ ಟ್ಯೂಷನ್‌ನಲ್ಲಿ ಶುರುವಾದ ಕತೆ. ಕಿರಣ್ ಬರದ ದಿನ ಇವಳಿಗೆ ಊಟ ಸೇರುತ್ತಿರಲಿಲ್ಲ. ಅವನಿಗೆ ಕ್ರಿಕೆಟ್ ಹುಚ್ಚು ಅಂದುಕೊಂಡು ಇವಳೂ ಸ್ಕೋರ್ ಬಾಯಿಪಾಠ ಮಾಡಿದಳು. ಡಿಗ್ರಿ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಅವನು ಸುಮ್ನೆ ಗೆಳೆಯರ ಜೊತೆ ಕೂತು ನೋಡುತ್ತಿದ್ದನಂತೆ! ಆ ವಯಸ್ಸಿನಲ್ಲಿ ನಾವು ಮೆಚ್ಚುವುದು ಮನುಷ್ಯನನ್ನಲ್ಲ, ನಾವೇ ಕಟ್ಟಿಕೊಂಡ ಹುಡುಗನನ್ನು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನೋವ್ 1979ರಲ್ಲೇ ಎದೆ ಡವಡವ ಅನ್ನಿಸುವ ಈ ಹುಚ್ಚು ಸೆಳೆತದ ಬಗ್ಗೆ ಬರೆದಿದ್ದರು. ಅವರ ಅಂದಾಜಿನಲ್ಲಿ ಇದು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಇರುತ್ತದೆ. ಹಾಗಾಗಿ ದೀಪಾಳ ಡವಡವ ನಿಂತಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ. ನಿಂತ ಮೇಲೆ ಇಬ್ಬರೂ ಏನು ಮಾಡಿದರು ಅಂತ ಕೇಳಿದೆ.

ಅಪ್ಪನ ಕಿಡ್ನಿ ಕೈಕೊಟ್ಟಿದ್ದನ್ನು ಅವಳು ಮಾತಿನ ಮಧ್ಯೆ ಹೇಳಿ ಮುಂದೆ ಹೋದಳು. ನಾನು ತಡೆದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಮಗಳು ಬೆಂಗಳೂರಿನಲ್ಲಿ. ಕರೆದುಕೊಂಡು ಹೋಗುತ್ತಿದ್ದವನು ಊರಲ್ಲೇ ಇದ್ದ ಕಿರಣ್. ಅಪ್ಪ ನೀರನ್ನೂ ಅಳೆದು ಕುಡಿಯಬೇಕು. ದಿನದ ನೀರಿನ ಬಾಟಲಿಗೆ ಅವನು ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದ್ದಾನೆ: ತಿಂಡಿಗೆ ಇಷ್ಟು, ಮಾತ್ರೆಗೆ ಇಷ್ಟು, ರಾತ್ರಿಗೆ ಇಷ್ಟು. ಒಮ್ಮೆ ಅವನನ್ನು ಬಾಗಿಲಿಂದಲೇ ಬೈದು ಕಳಿಸಿದ್ದ ಅಪ್ಪ ಈಗ "ಆ ಹುಡುಗ ಇನ್ನೂ ಬರ್ಲಿಲ್ವಾ?" ಅಂತಾರಂತೆ.

ಆದರೆ ಋಣವೂ ಪ್ರೀತಿಯಲ್ಲ, ಅಲ್ವಾ? ಅದಕ್ಕೇ ಕೇಳಿದೆ, "ಅವನ ಜೊತೆ ಧೈರ್ಯವಾಗಿ ಜಗಳ ಆಡ್ತೀಯಾ?" ನಕ್ಕಳು. "ಜಾಸ್ತಿನೇ!" ಬೇಸರವಾದರೆ ಮೊದಲು ಹೇಳಬೇಕು ಅನಿಸುವುದೂ ಅವನಿಗೇ. ನನಗೆ ಅಷ್ಟು ಸಾಕಿತ್ತು. ಪ್ರೀತಿ ಮುಗಿದಿಲ್ಲ, ಗದ್ದಲ ಮುಗಿದಿದೆ ಅಂದೆ.

ಹದಿಹರೆಯದ ಮಕ್ಕಳಿರುವ ಪೋಷಕರು, ಆ ವಯಸ್ಸಿನ ಪ್ರೀತಿ ಹೀಗೇ ಮದುವೆವರೆಗೆ ಬರುತ್ತದೆ ಅನ್ನುವುದನ್ನು ನಿಯಮ ಅಂದುಕೊಳ್ಳಬೇಡಿ. ಇಂಥ ಸೆಳೆತಗಳಲ್ಲಿ ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಆದರೆ ಅವರಿಬ್ಬರಲ್ಲಿ ಒಬ್ಬರು ಇನ್ನೊಬ್ಬರ ಫೋನ್ ಪಾಸ್‌ವರ್ಡ್ ಕೇಳುವುದು, ಸಾಯುತ್ತೇನೆ ಅಂತ ಹೆದರಿಸುವುದು ಕಂಡರೆ ಕಾಯುತ್ತಾ ಕೂರಬೇಡಿ, ಸಹಾಯ ಪಡೆಯಿರಿ.

ದೀಪಾಗೆ ಕೊಟ್ಟ ಸಲಹೆ ಇಷ್ಟು. ಹದಿನೇಳರ ಡವಡವವನ್ನು ಅಳತೆಗೋಲು ಮಾಡಿಕೊಳ್ಳಬೇಡ. "ಏನೂ ಅನ್ಸಲ್ಲ" ಅನ್ನುವುದನ್ನು ಮುಚ್ಚಿಡದೆ ಕಿರಣ್‌ಗೇ ಹೇಳು, ಅವನಿಗೂ ಹಾಗೇ ಇರಬಹುದು. ಜಗಳವಾದರೆ ಅವನು ಎರಡು ದಿನ ಮಾತು ಬಿಡುತ್ತಾನಂತೆ. ಅದು ಮದುವೆಯಾದ ಮೇಲೆ ತಾನಾಗಿ ಸರಿಹೋಗುವ ಗುಣವಲ್ಲ. ಹಾಗಾಗಿ ಮುಂದಿನ ಭೇಟಿಗೆ ಇಬ್ಬರೂ ಬನ್ನಿ ಅಂದೆ. ಮದುವೆಯಾದ ಮೇಲೆ ಯಾರು ಯಾವ ಊರಲ್ಲಿ ಇರುವುದು, ಅಪ್ಪನ ಆಸ್ಪತ್ರೆ ಖರ್ಚು ಯಾರು ನೋಡಿಕೊಳ್ಳುವುದು ಅನ್ನುವುದನ್ನು ಅವರಿನ್ನೂ ಬಾಯಿಬಿಟ್ಟು ಮಾತಾಡಿಲ್ಲ. ಅದು ತೀರ್ಮಾನವಾಗುವ ತನಕ ಛತ್ರಕ್ಕೆ ಅಡ್ವಾನ್ಸ್ ಕೊಡಬೇಡಿ ಅಂತಲೂ ಹೇಳಿದ್ದೇನೆ.