ಅಮೆರಿಕದ ಜಾಝ್ ವಾದಕ ಎರಿಕ್ ಡಾಲ್ಫಿ ಒಂದೇ ರಾತ್ರಿ ಮೂರು ವಾದ್ಯ ನುಡಿಸುತ್ತಿದ್ದುದು ಬರೀ ಪ್ರದರ್ಶನಕ್ಕಾಗಿಯೇ?

ಖಂಡಿತ ಅಲ್ಲ. ಸ್ಟುಡಿಯೋ ಧ್ವನಿಮುದ್ರಣಗಳಿರುವಾಗ ಅವರ ಕ್ಲಬ್ ಕಛೇರಿಗಳನ್ನೇ ಏಕೆ ಕೇಳಬೇಕು ಎಂದೂ ನೀವು ಕೇಳಿದ್ದೀರಿ. ಸೇನೆಯ ಬ್ಯಾಂಡಿನಲ್ಲಿ ಬಹುಕಾಲ ಕ್ಲಾರಿನೆಟ್ ನುಡಿಸಿ ಈಗ ಸೋಮವಾರಪೇಟೆಯ ಬಳಿ ನೆಲೆಸಿರುವ ನನಗೆ ಈ ಎರಡು ಪ್ರಶ್ನೆಗಳ ಉತ್ತರವೂ ಒಂದೇ ಕಡೆ ಸಿಕ್ಕಿದೆ: 1961ರ ಜುಲೈ 16ರಂದು ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಮುದ್ರಿಸಿಕೊಂಡ ಕಛೇರಿಯಲ್ಲಿ.

ಆ ರಾತ್ರಿ ಡಾಲ್ಫಿ 'ಫೈರ್ ವಾಲ್ಟ್ಸ್'ನಲ್ಲಿ ಆಲ್ಟೊ ಸ್ಯಾಕ್ಸೊಫೋನ್, 'ಬೀ ವ್ಯಾಂಪ್'ನಲ್ಲಿ ಬಾಸ್ ಕ್ಲಾರಿನೆಟ್, 'ಲೈಕ್ ಸಮ್‌ವನ್ ಇನ್ ಲವ್'ನಲ್ಲಿ ಕೊಳಲು ನುಡಿಸಿದ್ದಾರೆ. ಹೊರಗಿನಿಂದ ನೋಡುವವರಿಗೆ ಮೂರೂ ಊದುವ ವಾದ್ಯಗಳೇ. ಆದರೆ ಸ್ಯಾಕ್ಸೊಫೋನಿನಲ್ಲಿ ಮೇಲಿನ ಸ್ಥಾಯಿಯ ಕೀಲಿ ಒತ್ತಿದರೆ ಕೆಳಗಿನ ಷಡ್ಜ ಮೇಲಿನ ಷಡ್ಜಕ್ಕೆ ಏರುತ್ತದೆ. ಕ್ಲಾರಿನೆಟ್ ಜಾತಿಯ ವಾದ್ಯಗಳಲ್ಲಿ ಅದೇ ಷಡ್ಜ ಮುಂದಿನ ಸ್ಥಾಯಿಯ ಪಂಚಮಕ್ಕೆ ಜಿಗಿಯುತ್ತದೆ. ಕೊಳಲಿನಲ್ಲಂತೂ ರೀಡೇ (ಊದಿದಾಗ ಕಂಪಿಸುವ ತೆಳು ಪಟ್ಟಿ) ಇಲ್ಲ. ತುಟಿಯ ಹಿಡಿತ, ಉಸಿರಿನ ಒತ್ತಡ, ಬೆರಳುಗಳ ಲೆಕ್ಕ ಎಲ್ಲವೂ ಬದಲಾಗುವುದರಿಂದ ಒಂದರಲ್ಲಿ ಸಲೀಸಾಗಿ ಬರುವ ಸ್ವರಸಂಚಾರ ಇನ್ನೊಂದರಲ್ಲಿ ಹೊಳೆಯುವುದೇ ಇಲ್ಲ. ಬಾಸ್ ಕ್ಲಾರಿನೆಟ್ಟಿನಲ್ಲಿ ಅವರು ತಳದ ಸ್ವರದಿಂದ ಒಮ್ಮೆಲೇ ಕೀರಲು ಎತ್ತರಕ್ಕೆ ಹಾರುವುದನ್ನು ಕೇಳಿದಾಗ, ಆ ವಾದ್ಯದ ಸ್ವಭಾವವೇ ಅವರ ಆಲೋಚನೆಯ ದಾರಿಯನ್ನು ತೀರ್ಮಾನಿಸುತ್ತಿದೆ ಎಂದು ನನಗೆ ಸ್ಪಷ್ಟವಾಗುತ್ತದೆ.

ಇನ್ನು ಕ್ಲಬ್ಬಿನ ವಿಚಾರ. ಅಲ್ಲಿ ಸಮಯದ ಕಟ್ಟು ಸಡಿಲವಾಗಿತ್ತು; 'ದಿ ಪ್ರಾಫೆಟ್' ಇಪ್ಪತ್ತೊಂದು ನಿಮಿಷ ದಾಟುತ್ತದೆ. ನಮ್ಮ ಮದುವೆ ಮನೆಗಳ ವಾಲಗದವರು ಕುಣಿಯುವವರ ಹುರುಪು ನೋಡಿ ಗತಿ ಏರಿಸುವ ಹಾಗೆ, ಡ್ರಮ್ಸ್ ನುಡಿಸುವ ಎಡ್ ಬ್ಲ್ಯಾಕ್‌ವೆಲ್ ಎದುರಿನ ವಾದಕನ ಉಸಿರನ್ನು ಗಮನಿಸುತ್ತಲೇ ತಾಳದ ಹೆಣಿಗೆಯನ್ನು ಬದಲಿಸುತ್ತಾರೆ. ಮೆರವಣಿಗೆಯ ಬ್ಯಾಂಡುಗಳಿಗೆ ಹೆಸರಾದ ನ್ಯೂ ಆರ್ಲಿಯನ್ಸ್ ಅವರ ಊರು. ಅವರ ಸ್ನೇರ್ ಡ್ರಮ್ಮಿನ ಪೆಟ್ಟುಗಳಲ್ಲಿ ಆ ಮೆರವಣಿಗೆಯ ಲಯ ಇಂದಿಗೂ ನನ್ನ ಕಾಲು ಕುಣಿಸುತ್ತದೆ. ಕ್ಲಬ್ಬಿನ ಪಿಯಾನೋ ಶ್ರುತಿ ತಪ್ಪಿದ್ದು ಮುದ್ರಣದಲ್ಲಿಯೂ ಕೇಳಿಸುತ್ತದೆ, ಆದರೂ ಮಾಲ್ ವಾಲ್ಡ್ರನ್ ಚಿಕ್ಕ ಚಿಕ್ಕ ತುಣುಕುಗಳನ್ನು ಮತ್ತೆ ಮತ್ತೆ ನುಡಿಸಿ ಅದರಿಂದಲೇ ಒಂದು ಬಗೆಯ ಬಿಗುವನ್ನು ಹುಟ್ಟಿಸುತ್ತಾರೆ. ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸಿದವರು ರಿಚರ್ಡ್ ಡೇವಿಸ್.

ಟ್ರಂಪೆಟ್ ನುಡಿಸಿದ ಬೂಕರ್ ಲಿಟ್ಲ್ ಅದೇ ವರ್ಷದ ಅಕ್ಟೋಬರ್‌ನಲ್ಲಿ, 23ನೇ ವಯಸ್ಸಿಗೇ ತೀರಿಕೊಂಡರು. ಡಾಲ್ಫಿ 1964ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ, 36ನೇ ವಯಸ್ಸಿನಲ್ಲಿ. ಈ ಇಬ್ಬರ ಜೋಡಿಯನ್ನು ಕೇಳಲು ಉಳಿದಿರುವುದು ಇಷ್ಟು ಸ್ವಲ್ಪವೇ ಎಂಬುದು ನನಗೆ ನಿಜವಾದ ದುಃಖ.

ನೀವು 'ಬೀ ವ್ಯಾಂಪ್'ನಿಂದ ಆರಂಭಿಸಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ನಮ್ಮ ಕೊಡಗಿನ ಕಕ್ಕಡ ಮಾಸದ ಮಳೆ ಹೆಂಚಿನ ಮೇಲೆ ಸುರಿಯುವಾಗ ಬಾಸ್ ಕ್ಲಾರಿನೆಟ್ಟಿನ ತಳದ ಸ್ವರಗಳು ಸ್ಪೀಕರಿನಲ್ಲಿ ಉಳಿಯುವುದಿಲ್ಲ. ಅದು ಹಿಡಿಸಿದರೆ, 1961ರ ನವೆಂಬರ್‌ನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಂಡದೊಂದಿಗೆ ಡಾಲ್ಫಿ ನುಡಿಸಿದ 'ಇಂಡಿಯಾ'ಕ್ಕೆ ಹೋಗಿ. ಅಲ್ಲಿಯೂ ಅವರ ಕೈಯಲ್ಲಿರುವುದು ಬಾಸ್ ಕ್ಲಾರಿನೆಟ್ಟೇ.