ಹೊಟ್ಟೆ ಮೇಲಿನ ಸ್ಕ್ಯಾನ್ ಆಗಿದೆ, ಒಳಗಿನದು ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ಹೊಸನಗರದ ಹತ್ತಿರ ಹಳ್ಳಿ. ಮೊದಲ ಮಗು 32 ವಾರಕ್ಕೇ ಹುಟ್ಟಿತು. ಈಗ ಮತ್ತೆ 19 ವಾರ. ಹೊಟ್ಟೆ ಮೇಲಿನಿಂದ ಮಾಡಿದ ಸ್ಕ್ಯಾನ್‌ನಲ್ಲಿ ಗರ್ಭಕೋಶದ ಬಾಯಿಯ ಉದ್ದ 34 ಮಿ.ಮೀ. ಎಂದಿದೆ. ಆದರೂ ಡಾಕ್ಟರು ಯೋನಿಯ ಮೂಲಕ ಇನ್ನೊಂದು ಸ್ಕ್ಯಾನ್ ಮಾಡಿಸಿ ಅಂತಾರೆ. ಮಗುವಿಗೆ ತೊಂದರೆ ಆದೀತು, ಸುಮ್ನೆ ಮಲಗಿರು ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಮಾಡಿಸಿ, ತಡ ಮಾಡಬೇಡಿ. ಹೊಟ್ಟೆ ಮೇಲಿನ ಸ್ಕ್ಯಾನ್‌ಗೆ ಮೂತ್ರ ಕಟ್ಟಿಕೊಂಡು ಕೂತಿದ್ದಿರಿ, ಅಲ್ವಾ? ತುಂಬಿದ ಮೂತ್ರಕೋಶ ಒತ್ತಿದರೆ ಬಾಯಿ ಇರುವುದಕ್ಕಿಂತ ಉದ್ದ ಕಾಣುತ್ತದೆ. ನಿಮ್ಮಂಥವರಲ್ಲಿ ಆ 34ನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಒಳಗಿನ ಸ್ಕ್ಯಾನ್‌ಗೆ ಮೂತ್ರ ಮಾಡಿ ಬರಬೇಕು. ಕೆಲವೇ ನಿಮಿಷದ ಕೆಲಸ. ಪ್ರೋಬ್ (ಸ್ಕ್ಯಾನ್ ಮಾಡುವ ಕಡ್ಡಿ) ಯೋನಿಯಲ್ಲೇ ಇರುತ್ತದೆ, ಗರ್ಭಕೋಶದ ಒಳಗೆ ಹೋಗುವುದಿಲ್ಲ. ಅದರಿಂದ ಗರ್ಭ ಇಳಿಯುವುದಿಲ್ಲ ಎಂದು ಅತ್ತೆಗೆ ಹೇಳಿ.

ಬಾಯಿ ಸಡಿಲವಾಗುವುದು ಸಾಮಾನ್ಯವಾಗಿ ಒಳತುದಿಯಿಂದ. ಹೊರತುದಿ ಬಿಗಿಯಾಗಿಯೇ ಇರುತ್ತದೆ, ನೋವೂ ಇರುವುದಿಲ್ಲ, ಕೈಯಲ್ಲಿ ಪರೀಕ್ಷಿಸಿದರೂ ಗೊತ್ತಾಗದೆ ಹೋಗಬಹುದು. ಒಳತುದಿ ಆಲಿಕೆಯಂತೆ ಅಗಲವಾಗಿ, ಉಳಿದ ಭಾಗ ಗಿಡ್ಡವಾಗಿರುವುದು ಈ ಸ್ಕ್ಯಾನ್‌ನಲ್ಲಿ ಕಾಣುತ್ತದೆ. 24 ವಾರದೊಳಗೆ ಉದ್ದ 25 ಮಿ.ಮೀ.ಗಿಂತ ಕಡಿಮೆ ಬಂದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಜಾಸ್ತಿ. ಎಷ್ಟು ಗಿಡ್ಡವೋ ಅಷ್ಟು ಜಾಸ್ತಿ. ಹಾಗಂತ ಆಗಿಯೇ ಆಗುತ್ತದೆ ಎಂದಲ್ಲ. 25ಕ್ಕಿಂತ ಕಡಿಮೆ ಇದ್ದೂ ತಿಂಗಳು ತುಂಬಿ ಹೆತ್ತವರು ಬೇಕಾದಷ್ಟಿದ್ದಾರೆ.

ಒಂದು ಸಲ ಉದ್ದ ಚೆನ್ನಾಗಿದ್ದರೂ ನಿಮಗೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಹೆರಿಗೆ ಬೇಗ ಆದವರಿಗೆ 24 ವಾರದವರೆಗೆ ಎರಡು ವಾರಕ್ಕೊಮ್ಮೆ ಅಳೆಯುತ್ತೇವೆ. ಉದ್ದ 30 ಮಿ.ಮೀ.ಗಿಂತ ಕೆಳಗೆ ಬಂದರೆ ವಾರಕ್ಕೊಮ್ಮೆ. ಮಳೆಗಾಲದಲ್ಲಿ ನಿಮ್ಮ ಕಡೆಯಿಂದ ಓಡಾಡುವುದು ಕಷ್ಟ, ಗೊತ್ತು. ಆದರೆ ಗಿಡ್ಡ ಬಂದರೆ ಮಾಡಲು ಚಿಕಿತ್ಸೆ ಇದೆ. ರಾತ್ರಿ ಯೋನಿಯಲ್ಲಿ ಇಟ್ಟುಕೊಳ್ಳುವ 200 ಮಿ.ಗ್ರಾಂ. ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಔಷಧಿ, ಇಲ್ಲವೇ ಗರ್ಭಕೋಶದ ಬಾಯಿಗೆ ಹೊಲಿಗೆ. ಯಾವುದು ಎಂದು ನಿಮ್ಮನ್ನು ನೋಡಿದ ಡಾಕ್ಟರೇ ತೀರ್ಮಾನಿಸಬೇಕು. ಹೊಲಿಗೆಯನ್ನು 36–37 ವಾರಕ್ಕೆ ಬಿಚ್ಚುತ್ತಾರೆ.

ಇಡೀ ದಿನ ಮಲಗಿದರೆ ಹೆರಿಗೆ ಮುಂದೆ ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಭಾರ ಎತ್ತಬೇಡಿ, ಉಳಿದಂತೆ ಓಡಾಡಿಕೊಂಡಿರಿ.

ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ತಾಯಿ ಕಾರ್ಡ್ ಹಿಡಿದು, 108ಕ್ಕೆ ಫೋನ್ ಮಾಡಿ, ಎಳೆಗೂಸಿಗೆ ಐಸಿಯು ಇರುವ ಶಿವಮೊಗ್ಗದ ಆಸ್ಪತ್ರೆಗೇ ಹೊರಡಿ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಪೂರ್ತಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು.