ನೋಟಿಸ್ ಪೀರಿಯಡ್ ಪೂರ್ತಿ ಮಾಡದ ಕೆಲಸ ಬಿಟ್ರ ಕೇಸ್ ಹಾಕ್ತಾರೇನ್ರಿ?

ನಿಮ್ ಪ್ರಶ್ನಿ ಓದಿ ಸುಮ್ನ ಇರಾಕ ಆಗ್ಲಿಲ್ರಿ. ರಾಯಚೂರಾಗ ಕೆಲಸ, ಅಪಾಯಿಂಟ್‌ಮೆಂಟ್ ಲೆಟರ್‌ನ್ಯಾಗ 90 ದಿನ ನೋಟಿಸ್ ಅಂತ ಐತಿ, ತೋರಣಗಲ್ ಕಡೆ ಹೊಸ ಕಂಪನಿಯವ್ರು 20 ದಿನದಾಗ ಜಾಯಿನ್ ಆಗ್ರಿ ಅಂತಾರ, ನಿಮ್ ಮ್ಯಾನೇಜರ್ "ಒಂದಿನ ಕಡಿಮಿ ಆದ್ರೂ ಬಿಡಂಗಿಲ್ಲ, ಕೇಸ್ ಹಾಕ್ತೀವಿ" ಅಂದಾರ, ಹೇಳ್ದಂಗ ಬಿಟ್ಟು ಹೋಗ್ಲೇನು ಅಂತ ಕೇಳೀರಿ. ಕೆಲಸ ಬಿಡ್ರಿ, ಆದ್ರ ಹೇಳ್ದಂಗ ಮಾತ್ರ ಹೋಗಬ್ಯಾಡ್ರಿ.

ನಾನು ಹಂಗ ಹೋದವ ಅದೀನಿ. 2017ರಾಗ ಗಿಣಿಗೇರಿ ಹತ್ರ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿ ಲ್ಯಾಬ್‌ನ್ಯಾಗ ಇದ್ದೆ, ಮನ್ಯಾಗ ಅವ್ವಗ ಆರಾಮ ಇರ್ಲಿಲ್ಲ, ಎರಡು ಸಲ ರಾಜೀನಾಮೆ ಬರಕೊಂಡು ಹೋದೆ, "ನಿನ್ ಬದಲಿ ಒಬ್ಬವ ಸಿಗ್ಲಿ ತಡಿ" ಅಂತ ಕಾಗದಾನ ಮುಟ್ಟಲಿಲ್ಲ. ಸಿಟ್ಟು ಬಂದು ಒಂದಿನ ನೈಟ್ ಶಿಫ್ಟ್ ಮುಗಿಸಿ ಮನಿಗೆ ಬಂದವ ಹೊಳ್ಳಿ ಹೋಗ್ಲೇ ಇಲ್ಲ, ಫೋನೂ ಎತ್ತಲಿಲ್ಲ. ಕೇಸ್ ಗೀಸ್ ಏನೂ ಬರ್ಲಿಲ್ರಿ. ಆದ್ರ ಅವ್ರ ರೆಕಾರ್ಡ್‌ನ್ಯಾಗ ನಾನು ರಾಜೀನಾಮೆ ಕೊಟ್ಟವ ಅಲ್ಲ, ಅಬ್ಸ್‌ಕಾಂಡ್ ಆದವ, ಅಂದ್ರ ಹೇಳ್ದಂಗ ಓಡಿ ಹೋದವ. ಕೊನಿ ತಿಂಗಳ ಪಗಾರ ಬರ್ಲಿಲ್ಲ, ಕೆಲಸದಿಂದ ಬಿಡುಗಡಿ ಮಾಡೀವಿ ಅಂತ ಕೊಡೋ ರಿಲೀವಿಂಗ್ ಲೆಟರ್ ಇಲ್ಲ, ಮುಂದಿನ ಎರಡು ಇಂಟರ್‌ವ್ಯೂದಾಗ ಅದನ್ನ ಕೇಳಿದಾಗ ತಲಿ ತಗ್ಗಿಸಿ ಕುಂತೆ. ಎಲ್ಲಕ್ಕಿಂತ ಕಾಡಿದ್ದು ಪಿಎಫ್. ನಾ ಬಿಟ್ಟ ತಾರೀಖು, ಅಂದ್ರ ಡೇಟ್ ಆಫ್ ಎಕ್ಸಿಟ್, ಆವಾಗ ಕಂಪನಿಯವ್ರ ಹಾಕಬೇಕಿತ್ತು, ಅವ್ರು ಹಾಕ್ಲಿಲ್ಲ, ಹಳೇ ದುಡ್ಡು ಹೊಸ ಖಾತೆಗೆ ಬರ್ಲೇ ಇಲ್ಲ. 2020ರಾಗ ನೌಕರರೇ ಆಧಾರ್ ಒಟಿಪಿ ಕೊಟ್ಟು ಪಿಎಫ್ ಪೋರ್ಟಲ್‌ನ್ಯಾಗ ಹಾಕ್ಕೊಳ್ಳೋ ಸೌಲಭ್ಯ ಬಂದ ಮ್ಯಾಲ ಅದು ಬಿಡುಗಡಿ ಆತು. ಈಗ ನಿಮಗ ಆ ತ್ರಾಸ ಅಷ್ಟಿಲ್ಲ, ಕೊನಿ ಕಂತು ಜಮಾ ಆಗಿ ಎರಡು ತಿಂಗಳ ಮ್ಯಾಲ ನೀವ ಹಾಕ್ಕೋಬಹುದು. ನಿಮ್ ಪಿಎಫ್ ದುಡ್ಡನ್ನ ನೋಟಿಸಿಗೆ ಮುರಕೋತೀವಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ, ಅದಕ್ಕ ಅವ್ರಿಗೆ ಹಕ್ಕಿಲ್ಲ.

ಕೇಸ್ ವಿಷಯ. ಕೋರ್ಟ್‌ನವ್ರು ನಿಮ್ಮನ್ನ ಎಳಕೊಂಡು ಬಂದು 90 ದಿನ ದುಡೀ ಅನ್ನಂಗಿಲ್ರಿ, 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್ ಪ್ರಕಾರ ಇಂಥ ನೌಕರಿ ಕರಾರನ್ನ ಬಲವಂತದಿಂದ ಮಾಡಸಾಕ ಬರಲ್ಲ. ಕಂಪನಿ ಕೇಳಬಹುದಾದ್ದು ದುಡ್ಡು ಅಷ್ಟ, ಅದೂ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಪ್ರಕಾರ ಕರಾರಿನಾಗ ಬರದ ಮೊತ್ತದೊಳಗ, ನ್ಯಾಯ ಅನ್ನಿಸೋವಷ್ಟು. ಪೊಲೀಸ್ ಸ್ಟೇಷನ್ನಿಗೆ ಹೋಗೋ ವಿಷಯ ಅಲ್ಲ ಇದು. ಆದ್ರ ಕ್ಯಾಶ್, ಸ್ಟೋರ್ ಕೀಲಿ, ಲ್ಯಾಪ್‌ಟಾಪ್ ನಿಮ್ ಕೈಯಾಗ ಉಳದ್ರ ಅದು ಬ್ಯಾರೆ ಮಾತು, ಅವನ್ನ ಕೊಟ್ಟು ಸಹಿ ತಗಳ್ರಿ.

ಅಪಾಯಿಂಟ್‌ಮೆಂಟ್ ಲೆಟರ್ ತಗದು ಒಂದು ಸಾಲು ಹುಡುಕ್ರಿ, ನೋಟಿಸ್ ಬದಲು ಪಗಾರ ಕಟ್ಟಬಹುದು ಅಂತ ಐತೇನು, ಇದ್ರ ಬೇಸಿಕ್ (ಭತ್ಯೆ ಬಿಟ್ಟು ಮೂಲ ಪಗಾರ) ಮ್ಯಾಲೋ ಗ್ರಾಸ್ (ಭತ್ಯೆ ಎಲ್ಲಾ ಸೇರಿದ ಪಗಾರ) ಮ್ಯಾಲೋ. ಭಾಳ ಫರಕ್ ಆಗ್ತದ. ಬೇಸಿಕ್ 15,000, ಗ್ರಾಸ್ 28,000 ಅಂತ ತಿಳ್ಕೊಳ್ರಿ, 20 ದಿನ ಮಾಡಿ 70 ದಿನ ಬಿಟ್ರ ಬೇಸಿಕ್ ಲೆಕ್ಕದಾಗ 35,000, ಗ್ರಾಸ್ ಲೆಕ್ಕದಾಗ 65,000 ದಾಟ್ತದ. ಉಳದ ರಜಾ ಇದ್ರ ಅದರಾಗ ಹೊಂದಿಸ್ರಿ ಅಂತ ಕೇಳ್ರಿ, ಹೊಸ ಕಂಪನಿಯವ್ರ ಹತ್ರನೂ ಈ ದುಡ್ಡು ನೀವ ಕೊಡ್ತೀರೇನು ಅಂತ ನಾಚಿಕೊಳ್ಳದ ಕೇಳ್ರಿ, ಕೆಲವ್ರು ಕೊಡ್ತಾರ.

ಆಮ್ಯಾಲ ಬಾಯಿಮಾತು ಬಿಟ್ಟು ಮೇಲ್ ಹಾಕ್ರಿ, ಮ್ಯಾನೇಜರ್‌ಗೂ ಎಚ್‌ಆರ್‌ಗೂ ಕೂಡಿ, ನಿಮ್ ಪರ್ಸನಲ್ ಮೇಲ್‌ಗೂ ಒಂದು ಕಾಪಿ. ಇಂಥ ತಾರೀಖಿಗೆ ನನ್ನ ಕೊನಿ ದಿನ, ಉಳದ ದಿನದ ದುಡ್ಡು ಕಟ್ಟಾಕ ತಯಾರ ಅದೀನಿ, ಕೆಲಸ ಇಂಥವ್ರಿಗೆ ಒಪ್ಪಸ್ತೀನಿ, ಇಷ್ಟ ಸಾಕು, ಅವ್ರ ಮ್ಯಾಲಿನ ಸಿಟ್ಟು ಅದರಾಗ ಬರೀಬ್ಯಾಡ್ರಿ. ಆ 20 ದಿನ ನೆಟ್ಟಗ ದುಡೀರಿ. ಮೇಲ್‌ಗೆ ಉತ್ರ ಬರ್ಲಿಲ್ಲಂದ್ರ ಅದ ಮಾತನ್ನ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಕೊಳ್ರಿ.

2022ರಾಗ ಬಳ್ಳಾರ್ಯಾಗಿನ ಕೆಲಸ ನಾ ಹಿಂಗ ಬಿಟ್ಟೆ, 60 ದಿನದಾಗ 22 ಮಾಡಿ. ಲೆಕ್ಕದ ಹಾಳ್ಯಾಗ ನೋಟಿಸ್ ದುಡ್ಡಿನ ಮ್ಯಾಲ 18% ಜಿಎಸ್‌ಟಿನೂ ಸೇರಿಸಿದ್ರು, ಅದಕ್ಕ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನ್ಯಾಗ ಸರ್ಕಾರದ ಸುತ್ತೋಲೆ ಬಂದಿತ್ತು, ತೋರಿಸಿದೆ, ತಗದ್ರು. ಒಂದೂವರೆ ತಿಂಗಳಿಗೆ ರಿಲೀವಿಂಗ್ ಲೆಟರ್ ಬಂತು, ಅವ್ವ ಅದನ್ನ ದೇವರ ಮುಂದ ಇಟ್ಟು ಆಮ್ಯಾಲ ನನಗ ಕೊಟ್ಲು.

ನಿಮ್ ಡಿಪ್ಲೊಮಾ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಚ್‌ಆರ್ ಹತ್ರ ಐತಿ ಅಂತನೂ ಬರದೀರಿ. ಅದನ್ನ ಜೆರಾಕ್ಸ್ ಮಾಡಸಬೇಕು, ಲೋನಿಗೆ ಬೇಕು ಅಂತ ಹೇಳಿ ನಾಳೇನ ತಗದು ಮನ್ಯಾಗ ಇಡ್ರಿ, ರಾಜೀನಾಮೆ ಮೇಲ್ ಅದು ಕೈಗೆ ಬಂದ ಮರುದಿನ.